ಗುಡಾಣ ಹೊಟ್ಟೆಯ ಮಗು

ನಡೆಯಲು ಕಲಿತ ಮಗುವನ್ನು ಪಕ್ಕದಿಂದ ನೋಡಿದರೆ ಸೊಂಟದ ಬಳಿ ಬೆನ್ನು ಒಳಕ್ಕೆ ಬಾಗಿರುತ್ತದೆ, ಹೊಟ್ಟೆ ಎದೆಗಿಂತ ಮುಂದೆ ಬಂದಿರುತ್ತದೆ, ಚಡ್ಡಿಯ ಎಲಾಸ್ಟಿಕ್ ಹೊಕ್ಕುಳಿನಿಂದ ಕೆಳಕ್ಕೆ ಜಾರಿರುತ್ತದೆ. "ಕೈಕಾಲು ಸಣ್ಣ, ಹೊಟ್ಟೆ ಮಾತ್ರ ದಪ್ಪ" ಎಂಬ ದೂರನ್ನು ಮಕ್ಕಳ ವೈದ್ಯರು ಆಗಾಗ ಕೇಳುತ್ತಲೇ ಇರುತ್ತಾರೆ. ಅಷ್ಟರೊಳಗೆ ಮನೆಯ ಹಿರಿಯರು ಒಬ್ಬರು ಜಂತುಹುಳು ಎಂದಿರುತ್ತಾರೆ, ಇನ್ನೊಬ್ಬರು ಲಿವರ್ ಎಂದಿರುತ್ತಾರೆ. ಹೊಟ್ಟೆಯ ಆಕಾರವೊಂದನ್ನೇ ನೋಡಿ ಇವರಲ್ಲಿ ಯಾರು ಸರಿ ಎಂದು ಹೇಳುವುದು ವೈದ್ಯರಿಗೂ ಸಾಧ್ಯವಿಲ್ಲ, ಏಕೆಂದರೆ ಪೂರ್ಣ ಆರೋಗ್ಯವಂತ ಮಗುವಿನ ಹೊಟ್ಟೆಯೂ ಕಾಯಿಲೆಯ ಮಗುವಿನ ಹೊಟ್ಟೆಯೂ ದೂರದಿಂದ ಒಂದೇ ಬಗೆಯಾಗಿ ಕಾಣಬಹುದು.

ಆರೋಗ್ಯವಂತ ಮಗುವಿನ ಹೊಟ್ಟೆ ಮುಂದಕ್ಕೆ ಬರುವುದಕ್ಕೆ ದೇಹರಚನೆಯೇ ಕಾರಣ. ನವಜಾತ ಶಿಶುವಿನ ತೂಕದಲ್ಲಿ ಯಕೃತ್ತಿನ, ಅಂದರೆ ಲಿವರಿನ, ಪಾಲು ಶೇಕಡಾ 4ರ ಆಸುಪಾಸಿನಲ್ಲಿರುತ್ತದೆ. ದೊಡ್ಡವರಲ್ಲಿ ಅದು ಶೇಕಡಾ 2ರಷ್ಟು. ಹಾಗಾಗಿ ಎಳೆಯ ಮಕ್ಕಳಲ್ಲಿ ಯಕೃತ್ತಿನ ಅಂಚು ಬಲ ಪಕ್ಕೆಲುಬಿನ ಕೆಳಗೆ ಒಂದೆರಡು ಸೆಂಟಿಮೀಟರಿನಷ್ಟು ಕೈಗೆ ಸಿಗುವುದು ಸಹಜ. ಸೊಂಟದ ಎಲುಬಿನ ಬಟ್ಟಲು ಇನ್ನೂ ಆಳವಾಗಿರದ ಕಾರಣ, ದೊಡ್ಡವರಲ್ಲಿ ಅದರೊಳಗೆ ಅಡಗಿರುವ ಮೂತ್ರಕೋಶವೂ ಮಕ್ಕಳಲ್ಲಿ ಹೊಟ್ಟೆಯ ಭಾಗದಲ್ಲೇ ಇರುತ್ತದೆ. ಇವೆಲ್ಲವನ್ನೂ ಹಿಡಿದಿಡಬೇಕಾದ ಹೊಟ್ಟೆಯ ಸ್ನಾಯುಗಳು ಇನ್ನೂ ಎಳೆಯವು, ಜೊತೆಗೆ ಉಸಿರಾಟದಲ್ಲಿ ಹೆಚ್ಚಿನ ಪಾಲು ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪದರವಾದ ವಪೆಯದ್ದಾದ್ದರಿಂದ ಪ್ರತಿ ಉಸಿರಿಗೂ ಹೊಟ್ಟೆ ಏರುತ್ತದೆ. ಅಳುವಾಗ, ಬಾಟಲಿಯಲ್ಲಿ ಕುಡಿಯುವಾಗ ನುಂಗಿದ ಗಾಳಿಯೂ ಸೇರಿ ಸಂಜೆಯ ಹೊಟ್ಟೆ ಬೆಳಗಿನ ಹೊಟ್ಟೆಗಿಂತ ದೊಡ್ಡದಾಗಿ ಕಾಣುತ್ತದೆ. ಮಗು ಮಲಗಿದಾಗ ಹೊಟ್ಟೆ ಚಪ್ಪಟೆಯಾಗುತ್ತಿದ್ದರೆ, ಒತ್ತಿದಾಗ ಮೆತ್ತಗಿದ್ದರೆ, ಬೆಳಿಗ್ಗೆ ಎದ್ದಾಗ ಇಳಿದಿದ್ದರೆ ಅದು ವಯಸ್ಸಿನ ಹೊಟ್ಟೆ. ನಾಲ್ಕೈದು ವರ್ಷ ತುಂಬುವ ಹೊತ್ತಿಗೆ ಸ್ನಾಯು ಬಲಿತು, ಕಾಲು ಉದ್ದವಾಗಿ ಅದು ತಾನಾಗಿ ಒಳಹೋಗುತ್ತದೆ. ಅಳುವಾಗ ಹೊಕ್ಕುಳು ಉಬ್ಬುವ ಹರ್ನಿಯಾವೂ ಹೆಚ್ಚಿನ ಮಕ್ಕಳಲ್ಲಿ ಇದೇ ಅವಧಿಯಲ್ಲಿ ಮುಚ್ಚಿಕೊಳ್ಳುತ್ತದೆ. ಅದರ ಮೇಲೆ ನಾಣ್ಯ ಇಟ್ಟು ಬಟ್ಟೆ ಕಟ್ಟುವುದರಿಂದ ಚರ್ಮ ಹುಣ್ಣಾಗುವುದೇ ಹೊರತು ಬೇರೆ ಲಾಭವಿಲ್ಲ.

ಹಾಗೆಂದು ಹಿರಿಯರ ಆತಂಕವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಅನ್ಯಾಯ. ಅವರು ಕಂಡ ಗುಡಾಣ ಹೊಟ್ಟೆಗಳು ಬೇರೆಯವು. ಮಲೇರಿಯಾ ಬೇರುಬಿಟ್ಟಿದ್ದ ಊರುಗಳಲ್ಲಿ ಜ್ವರ ಮತ್ತೆ ಮತ್ತೆ ಬಂದು ಮಕ್ಕಳ ಗುಲ್ಮ (ಸ್ಪ್ಲೀನ್) ಊದಿ, ಎಡಪಕ್ಕೆಯ ಕೆಳಗೆ ಗಟ್ಟಿಯಾಗಿ ಕೈಗೆ ಸಿಗುತ್ತಿತ್ತು. ಜ್ವರಗಡ್ಡೆ ಎಂದರೆ ಇದೇ. 1840ರ ದಶಕದಲ್ಲಿ ಡೆಂಪ್‌ಸ್ಟರ್ ಎಂಬ ವೈದ್ಯ ಯಮುನಾ ಕಾಲುವೆಯ ಬದಿಯ ಹಳ್ಳಿಗಳಲ್ಲಿ ಗುಲ್ಮ ಮುಟ್ಟಿ ನೋಡಿಯೇ ಊರಿನ ಮಲೇರಿಯಾದ ತೀವ್ರತೆಯನ್ನು ಅಳೆದಿದ್ದ. ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲಿ 1940ರ ದಶಕದ ಮಧ್ಯದಲ್ಲಿ ಸೊಳ್ಳೆ ಕೊಲ್ಲುವ ಡಿಡಿಟಿಯ ಸಿಂಪಡಣೆ ಆರಂಭವಾಯಿತು. ಅದರ ನಂತರದ ವರ್ಷಗಳಲ್ಲೇ ಆ ಸೀಮೆಯ ಮಕ್ಕಳ ಹೊಟ್ಟೆಯಿಂದ ಗಡ್ಡೆ ಇಳಿಯತೊಡಗಿದ್ದು.

"ಲಿವರ್" ಎಂಬ ಭಯದ ಹಿಂದಿನ ಕಥೆ ಇನ್ನೂ ವಿಚಿತ್ರವಾದದ್ದು. ಒಂದರಿಂದ ಮೂರು ವರ್ಷದೊಳಗಿನ ಮಕ್ಕಳಿಗೆ ಬರುತ್ತಿದ್ದ, ಯಕೃತ್ತು ಕಲ್ಲಿನಂತೆ ಗಟ್ಟಿಯಾಗಿ, ಹೊಟ್ಟೆ ಉಬ್ಬಿ, ಕಾಮಾಲೆ ಕಾಣಿಸಿಕೊಂಡು ಕೆಲವೇ ತಿಂಗಳಲ್ಲಿ ಜೀವ ತೆಗೆಯುತ್ತಿದ್ದ ಒಂದು ಕಾಯಿಲೆ ನಮ್ಮ ದೇಶದಲ್ಲಿತ್ತು. ವೈದ್ಯಗ್ರಂಥಗಳು ಅದಕ್ಕೆ ಭಾರತೀಯ ಬಾಲ್ಯದ ಸಿರೋಸಿಸ್ ಎಂದೇ ಹೆಸರಿಟ್ಟವು. ಒಂದೇ ಮನೆಯಲ್ಲಿ ಎರಡು ಮೂರು ಮಕ್ಕಳು ಹೋದ ಉದಾಹರಣೆಗಳಿದ್ದುದರಿಂದ ಅದನ್ನು ವಂಶದ ದೋಷವೆಂದೂ ಶಾಪವೆಂದೂ ಜನ ನಂಬಿದ್ದರು. ಸತ್ತ ಮಕ್ಕಳ ಯಕೃತ್ತಿನಲ್ಲಿ ತಾಮ್ರ ವಿಪರೀತವಾಗಿ ಸೇರಿಕೊಂಡಿತ್ತು. ಪುಣೆಯ ವೈದ್ಯರಾದ ಶೀಲಾ ಭಾವೆ ಮತ್ತು ಆನಂದ ಪಂಡಿತ್ ಅವರು ಬ್ರಿಟನ್ನಿನ ಸ್ಟುವರ್ಟ್ ಟ್ಯಾನರ್ ಅವರೊಡನೆ ಸೇರಿ ಈ ತಾಮ್ರದ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಅಡುಗೆಮನೆಯ ಪಾತ್ರೆ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಕಾಯಿಸಿ ಇಟ್ಟ ಹಸುವಿನ ಅಥವಾ ಎಮ್ಮೆಯ ಹಾಲನ್ನು ಈ ಮಕ್ಕಳಿಗೆ ಬಹಳ ಎಳೆಯ ವಯಸ್ಸಿನಿಂದಲೇ ಕುಡಿಸಲಾಗಿತ್ತು. ಹಾಲಿನ ಕೇಸಿನ್ ಎಂಬ ಪ್ರೋಟೀನು ತಾಮ್ರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. 1983ರಲ್ಲಿ ಈ ಸಂಶೋಧನೆ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದಲ್ಲಿ 1900ರಿಂದ 1974ರ ನಡುವೆ ಇದೇ ಬಗೆಯ ಕಾಯಿಲೆಗೆ 138 ಮಕ್ಕಳು ಬಲಿಯಾಗಿದ್ದು, ಅಲ್ಲಿಯೂ ಹಾಲು ಕಾಯಿಸುತ್ತಿದ್ದ ತಾಮ್ರದ ಪಾತ್ರೆಗಳೇ ಹಿನ್ನೆಲೆಯಲ್ಲಿದ್ದವು ಎಂದು ಆಮೇಲೆ ತಿಳಿಯಿತು. ಪಾತ್ರೆಯೊಂದಿಗೆ ಕೆಲವು ಮಕ್ಕಳ ಆನುವಂಶಿಕ ದೌರ್ಬಲ್ಯವೂ ಸೇರಿರಬೇಕೆಂಬ ಊಹೆಯಿದೆ. ಹೇಗಿದ್ದರೂ ಸ್ಟೀಲ್ ಪಾತ್ರೆಗಳು ಮನೆಮನೆಗೆ ಬಂದಂತೆ ಕಾಯಿಲೆ ಅಪರೂಪವಾಯಿತು. ತಾಮ್ರದ ಪಾತ್ರೆಗಳು ಆರೋಗ್ಯದ ಹೆಸರಿನಲ್ಲಿ ಮತ್ತೆ ಅಂಗಡಿಗೆ ಬಂದಿರುವ ಈ ಕಾಲದಲ್ಲಿ, ಮಗುವಿನ ಹಾಲನ್ನು ಅವುಗಳಿಂದ ದೂರವಿಡುವಷ್ಟು ನೆನಪು ನಮಗಿರಬೇಕು.

ಅಪೌಷ್ಟಿಕತೆಯ ಹೊಟ್ಟೆ ಇನ್ನೂ ಹೋಗಿಲ್ಲ. ಅದನ್ನು ಗುರುತಿಸಲು ಹೊಟ್ಟೆಗಿಂತ ತೋಳು ನೋಡುವುದು ಮೇಲು. ಅಂಗನವಾಡಿಯಲ್ಲಿ ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳ ಮೇಲ್ದೋಳಿಗೆ ಸುತ್ತುವ ಬಣ್ಣದ ಪಟ್ಟಿಯಲ್ಲಿ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಕೆಂಪು, 12.5ರವರೆಗೆ ಹಳದಿ, ಅದಕ್ಕೂ ಹೆಚ್ಚಿದ್ದರೆ ಹಸಿರು. ಪಾದದ ಮೇಲೆ ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ ತೆಗೆದಾಗ ಗುಳಿ ಹಾಗೆಯೇ ಉಳಿದರೆ ಅದು ನೀರು ತುಂಬಿದ ಊತ. ತೋಳಿನ ಅಳತೆ ಎಷ್ಟೇ ಇರಲಿ, ಆ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ತಾಯಿ ಕಾರ್ಡಿನಲ್ಲಿರುವ ತೂಕದ ಗೆರೆ ಏರುತ್ತಲೇ ಇದ್ದರೆ ಹೊಟ್ಟೆಯ ಬಗೆಗಿನ ಅರ್ಧ ಚಿಂತೆ ಅಲ್ಲೇ ಕಳೆಯುತ್ತದೆ. ದುರದೃಷ್ಟವೆಂದರೆ ಲಸಿಕೆಯ ದಿನಾಂಕ ನೋಡಲು ಮಾತ್ರ ನಾವು ಆ ಕಾರ್ಡನ್ನು ತೆರೆಯುತ್ತೇವೆ.

ಜಂತುಹುಳುವಿನ ಮೇಲೆ ಬರುವ ಆರೋಪ ಅದು ಮಾಡುವ ತಪ್ಪಿಗಿಂತ ದೊಡ್ಡದು. ದುಂಡುಹುಳು ಬಹುಸಂಖ್ಯೆಯಲ್ಲಿ ಸೇರಿದರೆ ಹೊಟ್ಟೆ ಉಬ್ಬುವುದು, ಕರುಳು ಕಟ್ಟಿಕೊಳ್ಳುವುದು ನಿಜ. ಕೆಲವೇ ಹುಳುಗಳಿದ್ದರೆ ಹೊರಗೆ ಏನೂ ಕಾಣುವುದಿಲ್ಲ. 2015ರಿಂದ ಫೆಬ್ರವರಿ 10ರ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಒಂದು ವರ್ಷ ದಾಟಿದ ಮಕ್ಕಳಿಗೆ ಅಲ್ಬೆಂಡಜೋಲ್ ಕೊಡಲಾಗುತ್ತಿದೆ: ಎರಡು ವರ್ಷದೊಳಗಿನವರಿಗೆ ಅರ್ಧ ಮಾತ್ರೆ, ಮೇಲಿನವರಿಗೆ 400 ಮಿಲಿಗ್ರಾಂನ ಇಡೀ ಮಾತ್ರೆ. ಅದನ್ನು ಕೊಟ್ಟ ಮೇಲೂ ಹೊಟ್ಟೆ ಹಾಗೆಯೇ ಇದ್ದರೆ ತಿಂಗಳಿಗೊಮ್ಮೆ ಮಾತ್ರೆ ನುಂಗಿಸುತ್ತಾ ಹೋಗುವುದರಲ್ಲಿ ಅರ್ಥವಿಲ್ಲ.

ಈಗಿನ ಪಟ್ಟಣದ ಮನೆಗಳಲ್ಲಿ ನಿಜವಾಗಿ ಹುಡುಕಬೇಕಾದದ್ದು ಮಲಬದ್ಧತೆಯನ್ನು. ಎರಡು ವರ್ಷದ ಮಗು ಆಟದ ನಡುವೆ ಎದ್ದು ಬಾಗಿಲ ಹಿಂದೆ ಹೋಗುತ್ತದೆ, ಕಾಲಿಗೆ ಕಾಲು ಹೆಣೆದು ತುದಿಗಾಲಲ್ಲಿ ನಿಂತು ಮುಖ ಕೆಂಪು ಮಾಡಿಕೊಳ್ಳುತ್ತದೆ. ಪಾಪ, ಮಲಕ್ಕಾಗಿ ತಿಣುಕುತ್ತಿದೆ ಎಂದು ನಾವು ಅಂದುಕೊಳ್ಳುತ್ತೇವೆ, ಅದು ಮಲವನ್ನು ಬಿಗಿಹಿಡಿಯುತ್ತಿರುತ್ತದೆ. ಒಮ್ಮೆ ಗಟ್ಟಿ ಮಲ ಹೋಗಿ ನೋವಾದ ಮಗು ಮುಂದಿನ ಸಲ ತಡೆಯುತ್ತದೆ, ತಡೆದಷ್ಟೂ ದೊಡ್ಡಕರುಳು ನೀರು ಹೀರಿಕೊಂಡು ಮಲ ಇನ್ನೂ ಗಟ್ಟಿಯಾಗುತ್ತದೆ, ಕರುಳು ಹಿಗ್ಗಿ ಹೊಟ್ಟೆ ಉಬ್ಬುತ್ತದೆ. ಗಟ್ಟಿ ಮಲದ ಪಕ್ಕದಿಂದ ನೀರುಮಲ ಸೋರಿ ಚಡ್ಡಿ ಕೊಳೆಯಾದಾಗ ಮನೆಯವರು ಅದನ್ನು ಭೇದಿಯೆಂದು ತಿಳಿದು ತದ್ವಿರುದ್ಧವಾದ ಔಷಧಿ ಕೊಡುವುದುಂಟು. ಊಟ ಒಲ್ಲದ ಮಗುವಿಗೆ ಹಾಲಾದರೂ ಇರಲಿ ಎಂದು ದಿನಕ್ಕೆ ಲೀಟರುಗಟ್ಟಲೆ ಕುಡಿಸುವುದು ಇದಕ್ಕೆ ಸಾಮಾನ್ಯ ಕಾರಣ. ಒಂದು ವರ್ಷ ದಾಟಿದ ಮೇಲೆ ಹಾಲು ಅರ್ಧ ಲೀಟರು ಮೀರಿದರೆ ಊಟ ಸೇರುವುದಿಲ್ಲ, ಕಬ್ಬಿಣದ ಕೊರತೆಯೂ ಬರುತ್ತದೆ. ಹಾಲು ಇಳಿಸಿ, ಬಿಸ್ಕತ್ತಿನ ಜಾಗಕ್ಕೆ ರಾಗಿ, ಸೊಪ್ಪು, ಬೇಳೆ, ಹಣ್ಣು ಬಂದರೆ ಅರ್ಧ ಕೆಲಸವಾದಂತೆ. ಉಳಿದರ್ಧ ವೈದ್ಯರು ಬರೆದುಕೊಡುವ ಮಲ ಮೆದುಗೊಳಿಸುವ ಔಷಧಿಯದ್ದು, ಅದನ್ನು ತಿಂಗಳುಗಟ್ಟಲೆ ಕೊಡಬೇಕಾಗಬಹುದು. ವಾರದಲ್ಲಿ ಸರಿಹೋಯಿತೆಂದು ನಿಲ್ಲಿಸಿದರೆ ಹಿಗ್ಗಿದ ಕರುಳು ಮೊದಲಿನ ಸ್ಥಿತಿಗೆ ಬರುವ ಮುನ್ನವೇ ತೊಂದರೆ ಮರುಕಳಿಸುತ್ತದೆ. ಹುಟ್ಟಿದ 48 ಗಂಟೆಯೊಳಗೆ ಮೊದಲ ಕಪ್ಪು ಮಲ ಹೋಗಿರದಿದ್ದ ಮಗುವಾದರೆ ಆ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಬೇಕು, ಏಕೆಂದರೆ ಅಂಥವರಲ್ಲಿ ಕರುಳಿನ ನರಗಳ ಹುಟ್ಟುದೋಷವಿರಬಹುದು.

ಗೋಧಿ ತಿನ್ನಲು ಆರಂಭಿಸಿದ ತಿಂಗಳುಗಳಲ್ಲಿ ಹೊಟ್ಟೆ ಉಬ್ಬಿ, ಪೃಷ್ಠ ಮತ್ತು ತೊಡೆ ಸೊರಗಿ, ತೂಕ ನಿಂತರೆ, ಗೋಧಿಯ ಪ್ರೋಟೀನು ಕರುಳಿಗೆ ಒಗ್ಗದ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ ಮಾಡಿಸುತ್ತಾರೆ. ಉತ್ತರ ಭಾರತಕ್ಕೆ ಹೋಲಿಸಿದರೆ ದಕ್ಷಿಣದಲ್ಲಿ ಅದು ಕಡಿಮೆ.

ಉಳಿದದ್ದು ಕೈಗೆ ಸಂಬಂಧಿಸಿದ ಮಾತು. ಎಣ್ಣೆ ಹಚ್ಚಿ ನೀರೆರೆಯುವ ನಮ್ಮ ಪದ್ಧತಿಯಲ್ಲಿ ಮಗುವಿನ ಹೊಟ್ಟೆಯ ಮೇಲೆ ವಾರಕ್ಕೊಮ್ಮೆಯಾದರೂ ಕೈಯಾಡುತ್ತದೆ. ಮೂರು ನಾಲ್ಕು ವರ್ಷದ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ, ವಿಲ್ಮ್ಸ್ ಗಡ್ಡೆ ಎಂಬ ಮೂತ್ರಪಿಂಡದ ಕ್ಯಾನ್ಸರನ್ನು ಮೊದಲು ಪತ್ತೆಹಚ್ಚುವವರು ಬಹಳ ಸಲ ಸ್ನಾನ ಮಾಡಿಸುವವರೇ. ಮಗು ಆಡಿಕೊಂಡೇ ಇರುತ್ತದೆ, ನೋವೆನ್ನುವುದಿಲ್ಲ. ಒಂದು ಪಕ್ಕದಲ್ಲಿ ಮಾತ್ರ ನುಣುಪಾದ ಗಟ್ಟಿ ಉಬ್ಬು ಸಿಗುತ್ತದೆ. ಅಂಥದ್ದು ಸಿಕ್ಕಾಗ ನೆಂಟರಿಷ್ಟರೆಲ್ಲ ಒಬ್ಬೊಬ್ಬರಾಗಿ ಅದುಮಿ ನೋಡಕೂಡದು, ಗಡ್ಡೆ ಒಡೆಯುವ ಅಪಾಯವಿದೆ. ನೇರ ವೈದ್ಯರ ಬಳಿ ಹೋದರೆ ಸ್ಕ್ಯಾನಿಂಗ್‌ನಲ್ಲಿ ತಿಳಿಯುತ್ತದೆ, ಬೇಗ ಸಿಕ್ಕಿದ ಹೆಚ್ಚಿನ ಮಕ್ಕಳು ಗುಣವಾಗುತ್ತಾರೆ. ಹಸಿರು ಬಣ್ಣದ ವಾಂತಿ, ಮುಟ್ಟಲು ಬಿಡದಷ್ಟು ಬಿಗಿದ ಹೊಟ್ಟೆ, ಮಲದಲ್ಲಿ ರಕ್ತ, ಮಲವೂ ಗಾಳಿಯೂ ಹೋಗದೆ ಮಗು ಸಪ್ಪಗಾಗುವುದು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕು, ದಾರಿಯಲ್ಲಿ ಬಾಯಿಗೆ ಏನನ್ನೂ ಹಾಕಬಾರದು.