ಒರೆಗಲ್ಲಿಗೆ ಹಚ್ಚಲಾಗದ ಚಿನ್ನ

ಅಕ್ಕಸಾಲಿಗರು ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ ನೋಡುತ್ತಾರೆ. ಜರ್ಮನಿಯ 100 ಯೂರೋ ಚಿನ್ನದ ನಾಣ್ಯ ಕೂಡಿಡುವವರ ಮುಂದೆ ಆ ಕಲ್ಲು ತೆಗೆದರೆ ಹೌಹಾರಿಬಿಡುತ್ತಾರೆ. ಒಂದು ಗೀರು ಬಿತ್ತೋ, ಸಂಗ್ರಹಕ್ಕಿದ್ದ ಬೆಲೆ ಹೋಯಿತು. ಉಳಿಯುವುದು ಬರೀ ಲೋಹದ ಬೆಲೆ.

2002ರಿಂದ ಬರುತ್ತಿರುವ ನಾಣ್ಯಗಳಿವು. 2003ರದ್ದರಲ್ಲಿ ಕ್ವೆಡ್ಲಿನ್‌ಬರ್ಗ್ ಎಂಬ ಹಳೇ ಊರು, 2004ರದ್ದರಲ್ಲಿ ಬಾಂಬರ್ಗ್. ಅಗಲ 28 ಮಿ.ಮೀ., ಹೆಚ್ಚುಕಮ್ಮಿ ನಮ್ಮ 10 ರೂಪಾಯಿ ನಾಣ್ಯದಷ್ಟೇ. ತೂಕ ಮಾತ್ರ 15.55 ಗ್ರಾಂ, ಅಂದರೆ ಅದರ ಎರಡರಷ್ಟು! ಬರ್ಲಿನ್, ಮ್ಯೂನಿಕ್, ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹ, ಹ್ಯಾಂಬರ್ಗ್ ಟಂಕಸಾಲೆಗಳು ಒಂದೇ ನಾಣ್ಯವನ್ನು ತಮ್ಮ ತಮ್ಮ ಅಕ್ಷರ ಒತ್ತಿ ಅಚ್ಚು ಹಾಕುತ್ತವೆ. ಆ ಒಂದಕ್ಷರಕ್ಕಾಗಿ ಐದನ್ನೂ ಕೊಳ್ಳುವವರಿದ್ದಾರೆ. ಹುಚ್ಚು, ಅಲ್ವಾ? ಯೂರೋ ಎಂದು ಬರೆದಿದ್ದರೂ ಜರ್ಮನಿಯ ಆಚೆ ಇದು ಚಲಾವಣೆಯ ಹಣವಲ್ಲ.

ಉಜ್ಜದೆ ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ? ಚಿಕ್ಕ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಲೋಟ ನೀರಿಡಿ. ಬ್ಯಾಟರಿಗೆ ಹಾಕುವ ನೀರಾದರೆ ಕಲೆ ಉಳಿಯುವುದಿಲ್ಲ. ತಕ್ಕಡಿಯನ್ನು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ 0.81 ಗ್ರಾಂ ತೋರಿಸುತ್ತದೆ. ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ ಅದು. 15.55 ಅನ್ನು ಅದರಿಂದ ಭಾಗಿಸಿದರೆ 19ರ ಮೇಲೆ ಸ್ವಲ್ಪ ಬರುತ್ತದೆ. ಚಿನ್ನದ ಸಾಂದ್ರತೆ, ಅಂದರೆ ಅಷ್ಟೇ ಜಾಗ ಹಿಡಿಯುವ ನೀರಿಗಿಂತ ಅದು ಎಷ್ಟು ಪಟ್ಟು ಭಾರ ಎಂಬ ಲೆಕ್ಕ, 19.3. ಅಷ್ಟೇ ತೂಕದ ಸೀಸವಾಗಿದ್ದರೆ 1.37 ಗ್ರಾಂ ಬರುತ್ತಿತ್ತು, ಕಳ್ಳ ಅಲ್ಲೇ ಸಿಕ್ಕಿಬೀಳುತ್ತಿದ್ದ.

ಸಿಕ್ಕಿಬೀಳದ ಕಳ್ಳ ಒಬ್ಬನಿದ್ದಾನೆ: ಟಂಗ್‌ಸ್ಟನ್. ಹಳೇ ಬಲ್ಬಿನ ತಂತಿಯ ಲೋಹ. ಅದರ ಸಾಂದ್ರತೆ 19.25! ಟಂಗ್‌ಸ್ಟನ್ ಬಿಲ್ಲೆಗೆ ಚಿನ್ನದ ಹೊದಿಕೆ ಹಾಕಿದರೆ ನೀರಿನ ತೂಕವೂ 0.81 ಎಂದೇ ಹೇಳುತ್ತದೆ. ಒರೆಗಲ್ಲಿಗೂ ಮೇಲಿನ ಚಿನ್ನವಷ್ಟೇ ಕಾಣುವುದು.

ಆಗ ವಿದ್ಯುತ್ತಿನ ಮೊರೆ ಹೋಗಬೇಕು. ಚಿನ್ನದಲ್ಲಿ ವಿದ್ಯುತ್ ಹರಿಯುವ ಸಲೀಸು ಟಂಗ್‌ಸ್ಟನ್‌ನದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಬೆಳ್ಳಿ ವ್ಯಾಪಾರಿಗಳ ಮೇಜಿನ ಮೇಲೂ ಕಾಣುವ ಒಂದು ಪುಟ್ಟ ಯಂತ್ರ ಅದಲುಬದಲಾಗುತ್ತಲೇ ಇರುವ ಕಾಂತಬಲವನ್ನು ನಾಣ್ಯದೊಳಕ್ಕೆ ಬಿಡುತ್ತದೆ. ಅದರಿಂದ ಲೋಹದೊಳಗೆ ವಿದ್ಯುತ್ತಿನ ಸುಳಿಗಳು ಏಳುತ್ತವೆ. ಸುಳಿಯ ಜೋರು ನೋಡಿ ಯಂತ್ರ ಲೋಹ ಯಾವುದೆಂದು ಹೇಳುತ್ತದೆ. ಅದಲುಬದಲು ನಿಧಾನವಾದಷ್ಟೂ ಸುಳಿ ಆಳಕ್ಕಿಳಿಯುತ್ತದೆ, ಹೊದಿಕೆಯ ಕೆಳಗಿನದೂ ಬಯಲಾಗುತ್ತದೆ. ಇದಕ್ಕೆ ನಾಣ್ಯವನ್ನು ಪ್ಲಾಸ್ಟಿಕ್ ಡಬ್ಬಿಯಿಂದ ತೆಗೆಯುವುದೂ ಬೇಕಿಲ್ಲ.