ಅವಿಲ್ ನುಂಗಿದರೆ ನಿದ್ದೆ, ಸೆಟ್ರಿಜಿನ್‌ಗೆ ಅಷ್ಟಿಲ್ಲ, ಯಾಕೆ?

ಔಷಧದ ಅಣುಗಳ ಜೊತೆ ಕೆಲಸ ಮಾಡುವವನು ಎಂದು ಗೊತ್ತಾದ ಮೇಲೆ ನೆಂಟರು ನನ್ನನ್ನು ಕೇಳುವ ಪ್ರಶ್ನೆ ಇದು. ಎರಡೂ ಅಲರ್ಜಿ ಮಾತ್ರೆಗಳೇ, ಹೋಗಿ ಹಿಡಿಯುವುದೂ ಒಂದೇ ಜಾಗ: ಅಲರ್ಜಿ ತರುವ ಹಿಸ್ಟಮಿನ್ ಎಂಬ ಅಣು ಬಂದು ಕೂರುವ ಪ್ರೋಟೀನ್, ಅಂದರೆ ಎಚ್1 ರಿಸೆಪ್ಟರ್. ವ್ಯತ್ಯಾಸ ಇರುವುದು ಚಾರ್ಜ್‌ನಲ್ಲಿ.

ರಿಸೆಪ್ಟರ್ ಬೀಗ, ಔಷಧ ಕೀಲಿ ಎಂದು ಶಾಲೆಯಲ್ಲಿ ಕಲಿತದ್ದು ಅರ್ಧ ಸರಿ. ಆಕಾರ ಕೂಡಿದ ಮಾತ್ರಕ್ಕೆ ಆಗಲಿಲ್ಲ. ಎಚ್1ರ ಗುಳಿಯೊಳಗೆ ಪ್ರೋಟೀನಿನ ಅಮೈನೋ ಆಮ್ಲಗಳ ಸರಪಳಿಯ 107ನೇ ಸ್ಥಾನದಲ್ಲಿ ಆಸ್ಪಾರ್ಟಿಕ್ ಆಮ್ಲವಿದೆ, ಅದಕ್ಕೆ ಋಣ ಚಾರ್ಜ್. ಅಲರ್ಜಿ ಮಾತ್ರೆಯ ಅಣುವಿನ ನೈಟ್ರೋಜನ್ ದೇಹದೊಳಗೆ ಒಂದು ಪ್ರೋಟಾನ್ ಹಿಡಿದುಕೊಂಡು ಧನ ಚಾರ್ಜ್ ಪಡೆದಿರುತ್ತದೆ. ಇವೆರಡರ ಸೆಳೆತ ಸ್ವಲ್ಪ ದೂರದಿಂದಲೇ ಶುರುವಾಗುತ್ತದೆ, ಆಕಾರದ ಹೊಂದಾಣಿಕೆ ಮಾತ್ರ ಹತ್ತಿರ ಬಂದ ಮೇಲೆ.

ಹಾಗಾದರೆ ಚಾರ್ಜ್ ಜಾಸ್ತಿ ಮಾಡಿದರೆ ಔಷಧ ಗಟ್ಟಿಯಾಗಿ ಕೂರುತ್ತದೆ ಅಲ್ವಾ? ಇಲ್ಲ. ಹೊಸಬರು ಎಡವುವುದೇ ಇಲ್ಲಿ. ಚಾರ್ಜ್ ಇರುವ ಕಡೆಗೆಲ್ಲ ನೀರು ಅಂಟಿಕೊಂಡಿರುತ್ತದೆ, ಗುಳಿಯೊಳಗೆ ಹೋಗಬೇಕಾದರೆ ಆ ನೀರನ್ನು ಕಿತ್ತು ಹಾಕಬೇಕು, ಅದಕ್ಕೆ ಶಕ್ತಿ ಬೇಕು, ಒಳಗೆ ಜೋಡಿ ಸಿಗದಿದ್ದರೆ ಆ ಖರ್ಚು ಪೂರ್ತಿ ನಷ್ಟ.

ಸೆಟ್ರಿಜಿನ್‌ಗೆ ಒಳಗೆ ಜೋಡಿ ಸಿಕ್ಕಿದೆ. ಹೈಡ್ರಾಕ್ಸಿಜಿನ್ ಎಂಬ ಹಳೆಯ, ನಿದ್ದೆ ಬರಿಸುವ ಮಾತ್ರೆಯನ್ನು ನಮ್ಮ ದೇಹ ಬದಲಾಯಿಸಿದಾಗ ಸಿಗುವ ಅಣು ಇದು: ಅದರ ತುದಿಯ ಆಲ್ಕೋಹಾಲ್ ಇಲ್ಲಿ ಕಾರ್ಬಾಕ್ಸಿಲಿಕ್ ಆಮ್ಲವಾಗಿದೆ, ಅಂದರೆ ಋಣ ಚಾರ್ಜ್. ಅದು ಅದೇ ಸರಪಳಿಯ 191ನೇ ಸ್ಥಾನದ ಲೈಸೀನ್ ಎಂಬ ಅಮೈನೋ ಆಮ್ಲದ ಧನ ಚಾರ್ಜ್ ಹಿಡಿಯುತ್ತದೆ. ಪ್ರಯೋಗದಲ್ಲಿ ಆ ಲೈಸೀನ್ ತೆಗೆದು ಚಾರ್ಜಿಲ್ಲದ ಅಲನೀನ್ ಇಟ್ಟಾಗ, ಅರ್ಧದಷ್ಟು ಲೆವೋಸೆಟ್ರಿಜಿನ್ (ಸೆಟ್ರಿಜಿನ್‌ನ ಎರಡು ಕನ್ನಡಿ ರೂಪಗಳಲ್ಲಿ ಒಂದು) ರಿಸೆಪ್ಟರ್ ಬಿಟ್ಟು ಹೋಗಲು 142 ನಿಮಿಷ ಬೇಕಿದ್ದದ್ದು 13 ನಿಮಿಷಕ್ಕೆ ಇಳಿಯಿತು. ಒಂದೇ ಒಂದು ಚಾರ್ಜ್‌ನ ಕೆಲಸ ಇಷ್ಟು! ನನಗೆ ಇದು ಈಗಲೂ ಬೆರಗು.

ಇನ್ನು ನಿದ್ದೆಯ ವಿಷಯ. ಮೆದುಳಿನಲ್ಲಿ ನಮ್ಮನ್ನು ಎಚ್ಚರ ಇಡುವುದರಲ್ಲಿ ಹಿಸ್ಟಮಿನ್‌ಗೂ ಪಾಲಿದೆ, ಅಲ್ಲಿಗೆ ಹೋಗಿ ತಡೆದರೆ ತೂಕಡಿಕೆ. ಅವಿಲ್ ಮೆದುಳಿನ ರಕ್ತನಾಳದ ಗೋಡೆಯ ಕೊಬ್ಬಿನ ಪೊರೆ ದಾಟಿ ಸಲೀಸಾಗಿ ಒಳಗೆ ಹೋಗುತ್ತದೆ, ಆಗಾಗ ಪ್ರೋಟಾನ್ ಬಿಟ್ಟು ಚಾರ್ಜಿಲ್ಲದೆ ಇರಬಲ್ಲದು. ಸೆಟ್ರಿಜಿನ್‌ಗೆ ಒಂದು ಕಡೆ ಧನ, ಇನ್ನೊಂದು ಕಡೆ ಋಣ, ಹಾಗಾಗಿ ಆ ಪೊರೆ ದಾಟುವುದು ಕಷ್ಟ, ದಾಟಿದ್ದನ್ನೂ ರಕ್ತನಾಳದ ಗೋಡೆಯಲ್ಲಿರುವ ಪಂಪ್ ಪ್ರೋಟೀನ್ ಹೊರಗೆ ತಳ್ಳುತ್ತದೆ.

ಹಾಗಂತ ಸ್ವಲ್ಪವೂ ಹೋಗುವುದಿಲ್ಲ ಅಂತಲ್ಲ. ಕೆಲವರಿಗೆ ಸೆಟ್ರಿಜಿನ್‌ನಲ್ಲೂ ಕಣ್ಣು ಎಳೆಯುತ್ತದೆ, ಗಾಡಿ ಓಡಿಸುವವರು ಮೊದಲ ಸಲ ರಾತ್ರಿ ತೆಗೆದುಕೊಂಡು ನೋಡಿ.