ಪಾಯಿಂಟ್ ಗಾರ್ಡ್ ಬದಲಾದರೆ ತಂಡ ಸುಧಾರಿಸುತ್ತಾ?

ಪ್ರಶ್ನೆ: 2019ರ ಅಕ್ಟೋಬರಿನಲ್ಲಿ ಮಗಳನ್ನು ಕರೆದುಕೊಂಡು ವರ್ಲಿಯ ಎನ್‌ಎಸ್‌ಸಿಐ ಡೋಮ್‌ಗೆ ಹೋಗಿದ್ದೆ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಸ್ಯಾಕ್ರಮೆಂಟೊ ಕಿಂಗ್ಸ್ ಮತ್ತು ಇಂಡಿಯಾನಾ ಪೇಸರ್ಸ್ ಆಡಿದ್ದವು. ಅಂದಿನಿಂದ ಅವಳಿಗೆ ಬಾಸ್ಕೆಟ್‌ಬಾಲ್ ಹುಚ್ಚು. ಈಗ ಅವಳ ಶಾಲಾ ತಂಡದಲ್ಲಿ ಪಾಯಿಂಟ್ ಗಾರ್ಡನ್ನು ಬದಲಾಯಿಸಿದ್ದಾರೆ. ಮೂರು ಪಂದ್ಯದಲ್ಲಿ ಎರಡು ಸೋತರು. ಹಳೆಯ ಹುಡುಗಿಯನ್ನೇ ವಾಪಸ್ ಹಾಕಿ ಅಂತ ಪೋಷಕರ ಗಲಾಟೆ. ಬದಲಾಯಿಸಿದ್ದರಿಂದ ತಂಡ ಸುಧಾರಿಸಿದೆಯೋ ಇಲ್ಲವೋ ಅಂತ ಹೇಗೆ ಗೊತ್ತಾಗುತ್ತೆ ಸರ್?
- ಡೊಂಬಿವಲಿಯ ಓದುಗರೊಬ್ಬರು

ಉತ್ತರ: ಮೂರು ಪಂದ್ಯದಲ್ಲಿ ಗೊತ್ತಾಗುವುದಿಲ್ಲ. ಸ್ಕೋರ್ ಬೋರ್ಡ್ ನೋಡಿದರಂತೂ ಖಂಡಿತ ಗೊತ್ತಾಗುವುದಿಲ್ಲ. ಅಂದಹಾಗೆ, ಉದಾಹರಣೆ ಹುಡುಕಿಕೊಂಡು ನಾನು ಬೇರೆಲ್ಲೂ ಹೋಗಬೇಕಾಗಿಲ್ಲ. ನೀವು ವರ್ಲಿಯಲ್ಲಿ ನೋಡಿದ ಆ ಎರಡು ತಂಡಗಳೇ ಸಾಕು.

ಅದಕ್ಕೂ ಮೊದಲು, ಪಾಯಿಂಟ್ ಗಾರ್ಡ್ ಅಂದರೆ ಯಾರು ಅಂತ ಹೊಸಬರಿಗಾಗಿ ಹೇಳಿಬಿಡುತ್ತೇನೆ. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಮಾಟುಂಗಾದ ಯಾವುದಾದರೂ ಉಡುಪಿ ಹೋಟೆಲಿನಲ್ಲಿ ಕೂತು ನೋಡಿ. ಒಳಗೆ ಭಟ್ಟರು ಕಾವಲಿ ಮುಂದೆ. ಹೊರಗೆ ಮೇಜೆಲ್ಲ ಭರ್ತಿ, ಬಾಗಿಲಲ್ಲಿ ಕ್ಯೂ. ನಡುವೆ ಒಬ್ಬ ನಿಂತು "ಎರಡು ಮಸಾಲೆ, ಒಂದು ಖಾಲಿ" ಅಂತ ಕೂಗುತ್ತಿರುತ್ತಾನೆ. ದೋಸೆ ಹುಯ್ಯುವವನೂ ಅವನಲ್ಲ, ತಿನ್ನುವವನೂ ಅವನಲ್ಲ. ಆದರೆ ಯಾವ ಮೇಜಿಗೆ ಯಾವುದು ಮೊದಲು ಹೋಗಬೇಕು ಅನ್ನುವ ಲೆಕ್ಕ ಪೂರ್ತಿ ಅವನ ತಲೆಯಲ್ಲಿ. ಅವನು ರಜೆ ಹಾಕಿದ ದಿನ ಭಟ್ಟರು ಅವರೇ, ಹಿಟ್ಟೂ ಅದೇ. ಆದರೂ ನಿಮ್ಮ ದೋಸೆ ಪಕ್ಕದ ಮೇಜಿಗೆ ಹೋಗುತ್ತದೆ, ಅಲ್ವಾ? ಬಾಸ್ಕೆಟ್‌ಬಾಲಿನಲ್ಲಿ ಆ ಕೂಗುವ ಕೆಲಸ ಪಾಯಿಂಟ್ ಗಾರ್ಡಿನದು. ಚೆಂಡನ್ನು ಮುಂದೆ ತರುವುದು, ಯಾರಿಗೆ ಯಾವಾಗ ಕೊಡಬೇಕು ಅಂತ ತೀರ್ಮಾನಿಸುವುದು.

ಈಗ ಕಿಂಗ್ಸ್ ಕಥೆ. ಈ ತಂಡದ ಮಾಲೀಕ ವಿವೇಕ್ ರಣದಿವೆ ನಮ್ಮ ಮುಂಬಯಿಯಲ್ಲೇ ಹುಟ್ಟಿದವರು. ನೀವು ನೋಡಿದಾಗ ಪಾಯಿಂಟ್ ಗಾರ್ಡ್ ಆಗಿದ್ದವನು ಡಿಆರನ್ ಫಾಕ್ಸ್. ಚಿಗರೆ ಓಟದವನು. ಮರುವರ್ಷದ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಇವರಿಗೆ 12ನೇ ಆಯ್ಕೆಯಾಗಿ ಟೈರೀಸ್ ಹ್ಯಾಲಿಬರ್ಟನ್ ಸಿಕ್ಕಿದ. ಅವನೂ ಪಾಯಿಂಟ್ ಗಾರ್ಡೇ. ಅಂದರೆ ಒಂದೇ ಹೋಟೆಲಿನಲ್ಲಿ ಆರ್ಡರ್ ಕೂಗುವವರು ಇಬ್ಬರು. ಒಬ್ಬ ಕೂಗುವಾಗ ಇನ್ನೊಬ್ಬ ಮೂಲೆಯಲ್ಲಿ ಸುಮ್ನೆ ನಿಂತಿರಬೇಕು. ಇಬ್ಬರೂ ಒಳ್ಳೆಯವರೇ, ಆದರೆ ತಂಡ ಸೋಲುತ್ತಲೇ ಇತ್ತು.

2022ರ ಫೆಬ್ರವರಿಯಲ್ಲಿ ಕಿಂಗ್ಸ್ ಹ್ಯಾಲಿಬರ್ಟನ್‌ನನ್ನು ಪೇಸರ್ಸ್‌ಗೆ ಕೊಟ್ಟು, ಅಲ್ಲಿಂದ ಡೊಮಾಂಟಸ್ ಸಬೋನಿಸ್‌ನನ್ನು ತಂದಿತು. ಎರಡೂ ಕಡೆ ಇನ್ನೂ ಒಂದಿಬ್ಬರು ಆಟಗಾರರು ಕೈ ಬದಲಾದರು. ಇಷ್ಟು ಚಿಕ್ಕ ವಯಸ್ಸಿನ ಹುಡುಗನನ್ನು ಯಾರಾದರೂ ಬಿಡುತ್ತಾರಾ ಅಂತ ಕಿಂಗ್ಸ್‌ಗೆ ಬೈದವರೇ ಜಾಸ್ತಿ. ಬೈದವರಲ್ಲಿ ನಾನೂ ಇದ್ದೆ.

ಆ ಸೀಸನ್ ಕಿಂಗ್ಸ್ ಗೆದ್ದದ್ದು 30, ಸೋತದ್ದು 52. ಮುಂದಿನ ಸೀಸನ್ 48 ಗೆಲುವು, 34 ಸೋಲು! 16 ವರ್ಷ ಪ್ಲೇಆಫ್ (ಸೀಸನ್ ಮುಗಿದ ಮೇಲಿನ ನಾಕೌಟ್ ಸುತ್ತು) ಮುಖ ನೋಡದ ತಂಡ, ಎನ್‌ಬಿಎ ಇತಿಹಾಸದಲ್ಲೇ ಅಷ್ಟು ಉದ್ದದ ಬರ ಇನ್ನೊಂದಿಲ್ಲ, ಪ್ಲೇಆಫ್‌ಗೆ ಹೋಯಿತು. ನೋಡಿ ತಮಾಷೆ: ಇಲ್ಲಿ ಪಾಯಿಂಟ್ ಗಾರ್ಡನ್ನು ತಂದು ಸುಧಾರಿಸಿದ್ದಲ್ಲ, ಒಬ್ಬನನ್ನು ಕಳಿಸಿ ಸುಧಾರಿಸಿದ್ದು. ಫಾಕ್ಸ್ ಒಬ್ಬನೇ ಯಜಮಾನನಾದ. ಸಬೋನಿಸ್ ಎತ್ತರದ ಆಳು, ರಿಬೌಂಡ್, ಅಂದರೆ ಗುರಿ ತಪ್ಪಿ ಚಿಮ್ಮಿದ ಚೆಂಡು, ಹಿಡಿಯುವುದರಲ್ಲಿ ಆ ವರ್ಷ ಲೀಗಿಗೇ ಮೊದಲಿಗ. ಮೇಲಾಗಿ ಪಂದ್ಯಕ್ಕೆ ಸರಾಸರಿ 7ಕ್ಕಿಂತ ಜಾಸ್ತಿ ಅಸಿಸ್ಟ್ (ಬುಟ್ಟಿಗೆ ದಾರಿ ಮಾಡಿಕೊಡುವ ಪಾಸ್) ಕೊಡುತ್ತಿದ್ದ. ಅವನ ಪಾಸು ಹೆಚ್ಚಾಗಿ ಬುಟ್ಟಿಯಿಂದ ದೂರ, ಫ್ರೀ ಥ್ರೋ ಗೆರೆಯ ಆಸುಪಾಸಿನಿಂದ, ಹಾಗಾಗಿ ಫಾಕ್ಸ್ ದಾರಿಗೆ ಅಡ್ಡ ಬರುತ್ತಿರಲಿಲ್ಲ.

ಆದರೆ ಪೂರ್ತಿ ಶ್ರೇಯಸ್ಸು ಈ ಅದಲುಬದಲಿಗೇ ಕೊಟ್ಟರೆ ಮೋಸ. ಅದೇ ಬೇಸಿಗೆಯಲ್ಲಿ ಹೊಸ ಕೋಚ್ ಮೈಕ್ ಬ್ರೌನ್ ಬಂದರು. ಮಲಿಕ್ ಮಂಕ್, ಕೆವಿನ್ ಹರ್ಟರ್ ಬಂದರು. ಡ್ರಾಫ್ಟಿನಲ್ಲಿ ಕೀಗನ್ ಮರ್ರೆ ಸಿಕ್ಕಿದ. ಅಡುಗೆಮನೆಗೇ ಸುಣ್ಣಬಣ್ಣ ಹೊಡೆದ ಮೇಲೆ, ರುಚಿ ಬಂದದ್ದು ಹೊಸ ಕಾವಲಿಯಿಂದಲೇ ಅನ್ನುವುದು ಹೇಗೆ?

ಪೇಸರ್ಸ್ ಕಡೆ ಏನಾಯಿತು? ಹ್ಯಾಲಿಬರ್ಟನ್ ಬಂದ ತಕ್ಷಣ ಏನೂ ಆಗಲಿಲ್ಲ. ಆ ಸೀಸನ್ 25 ಗೆಲುವು, 57 ಸೋಲು. ನಿಮ್ಮ ಪೋಷಕರ ಗುಂಪು ಅಲ್ಲಿದ್ದಿದ್ದರೆ ಹುಡುಗನನ್ನು ಅಂದೇ ರೈಲು ಹತ್ತಿಸುತ್ತಿತ್ತು. ಮುಂದಿನ ಸೀಸನ್ 35 ಗೆಲುವು, ಅದರ ಮುಂದಿನದು 47, 2024-25ರಲ್ಲಿ 50. ಆ ವರ್ಷ ಫೈನಲ್‌ಗೇ ಹೋಗಿ, ಒಕ್ಲಹೋಮಾ ಸಿಟಿ ಎದುರು ಏಳನೇ, ಅಂದರೆ ಕೊನೆಯ ಪಂದ್ಯದವರೆಗೆ ಎಳೆದರು. ಮೊದಲ ಪಂದ್ಯವನ್ನು 0.3 ಸೆಕೆಂಡ್ ಬಾಕಿ ಇರುವಾಗ ಗೆಲ್ಲಿಸಿದವನು ಹ್ಯಾಲಿಬರ್ಟನ್. ಏಳನೆಯದರಲ್ಲಿ ಮೊದಲ ಕ್ವಾರ್ಟರಿನಲ್ಲೇ ಅವನ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ತಂಡ ಸೋತಿತು.

ಇಲ್ಲೂ ಬೇರೆ ಕಾರಣಗಳಿವೆ. ನಡುವೆ ಪಾಸ್ಕಲ್ ಸಿಯಾಕಮ್ ಎಂಬ ತಾರಾ ಆಟಗಾರ ಬಂದಿದ್ದ. ಆದರೂ ನಾನು ಹ್ಯಾಲಿಬರ್ಟನ್ ಪರ ನಿಲ್ಲುವುದು ಒಂದು ಕಾರಣಕ್ಕೆ. 2023ರ ಜನವರಿಯಲ್ಲಿ ಗಾಯವಾಗಿ ಅವನು 10 ಪಂದ್ಯ ಹೊರಗೆ ಕೂತ. ಸಿಯಾಕಮ್ ಇನ್ನೂ ಬಂದಿರಲಿಲ್ಲ. ಅಲ್ಲಿಯವರೆಗೆ ಸೋಲಿಗಿಂತ ಗೆಲುವೇ ಹೆಚ್ಚಿದ್ದ ತಂಡ ಆ ಹತ್ತರಲ್ಲಿ ಒಂಬತ್ತು ಸೋತಿತು. ಕೋಚ್ ಅವರೇ, ಉಳಿದ ಆಟಗಾರರೂ ಅವರೇ. ಕೂಗುವವನೊಬ್ಬ ಇರಲಿಲ್ಲ, ಅಷ್ಟೇ. ಇಡೀ ಸೀಸನ್ನಿನ ಪಟ್ಟಿಗಿಂತ ಆ ಹತ್ತು ಪಂದ್ಯ ನನಗೆ ಜಾಸ್ತಿ ಹೇಳುತ್ತವೆ.

ಹಳೆಯದೊಂದು ನೆನಪಿಸುತ್ತೇನೆ. 2004ರಲ್ಲಿ ಪಾಯಿಂಟ್ ಗಾರ್ಡ್ ಸ್ಟೀವ್ ನ್ಯಾಶ್ ಡಲ್ಲಾಸ್ ಬಿಟ್ಟು ಫೀನಿಕ್ಸ್‌ಗೆ ಹೋದ. ಫೀನಿಕ್ಸ್ 29 ಗೆಲುವಿನಿಂದ ಒಂದೇ ವರ್ಷದಲ್ಲಿ 62ಕ್ಕೆ ಹಾರಿತು. ನ್ಯಾಶ್ ಎಂವಿಪಿ, ಅಂದರೆ ಆ ವರ್ಷದ ಅತ್ಯುತ್ತಮ ಆಟಗಾರ, ಆದ. ಇದನ್ನು ಎಲ್ಲರೂ ಹೇಳುತ್ತಾರೆ. ಯಾರೂ ಹೇಳದ್ದು ಡಲ್ಲಾಸ್ ಲೆಕ್ಕ. ನ್ಯಾಶ್ ಇದ್ದಾಗ 52 ಗೆದ್ದಿದ್ದವರು, ನ್ಯಾಶ್ ಹೋದ ಮೇಲೆ 58 ಗೆದ್ದರು! ಒಬ್ಬನೇ ಮನುಷ್ಯ, ಬಂದ ಮನೆಯೂ ಬೆಳಗಿತು, ಬಿಟ್ಟ ಮನೆಯೂ ಬೆಳಗಿತು. ಡಲ್ಲಾಸಿನವರು ಜೇಸನ್ ಟೆರಿಯನ್ನು ತಂದರು, ಬುಟ್ಟಿ ಕಾಯಲು ಎರಿಕ್ ಡ್ಯಾಂಪಿಯರ್ ಬಂದ, ಡಿಫೆನ್ಸ್ ಗಟ್ಟಿಯಾಯಿತು. ಫೀನಿಕ್ಸಿನಲ್ಲಿ ಓಡುವ ಹುಡುಗರು ಮೊದಲೇ ಇದ್ದರು, ಓಡಿಸುವವನು ಬೇಕಿತ್ತು. ಹಾಗಾಗಿ ಗಾರ್ಡ್ ಒಳ್ಳೆಯವನಾ ಅಂತ ಕೇಳುವುದಕ್ಕಿಂತ, ತಂಡದ ಉಳಿದ ನಾಲ್ವರಿಗೆ ಹೊಂದುವವನಾ ಅಂತ ಕೇಳಬೇಕು.

ತಾಳ್ಮೆ ಬಗ್ಗೆಯೂ ಡಲ್ಲಾಸಿನದೇ ಉದಾಹರಣೆ. 2008ರ ಫೆಬ್ರವರಿಯಲ್ಲಿ 24ರ ಡೆವಿನ್ ಹ್ಯಾರಿಸ್‌ನನ್ನು ಕೊಟ್ಟು 34ರ ಜೇಸನ್ ಕಿಡ್‌ನನ್ನು ತಂದರು. ಅದಕ್ಕೆ ಮೊದಲು 35 ಗೆಲುವು, 18 ಸೋಲು. ಆಮೇಲೆ 16 ಗೆಲುವು, 13 ಸೋಲು. ಪ್ಲೇಆಫ್ ಮೊದಲ ಸುತ್ತಿನಲ್ಲೇ ಮನೆಗೆ. 2011ರಲ್ಲಿ ಡಲ್ಲಾಸ್ ಚಾಂಪಿಯನ್ ಆದಾಗ ಪಾಯಿಂಟ್ ಗಾರ್ಡ್ ಆಗಿದ್ದವನು ಅದೇ ಕಿಡ್, ವಯಸ್ಸು 38.

ಸರಿ, ನಿಮ್ಮ ಮಗಳ ತಂಡ ಮೂರು ವರ್ಷ ಕಾಯಲು ಆಗಲ್ಲ. ಏನು ನೋಡಬೇಕು?

ನಾಗಪಾಡಾದ ಮೈದಾನಗಳಲ್ಲಿ ಸಂಜೆ ಹೊತ್ತು ಆಟ ನೋಡುತ್ತಾ ಕೂರುವ ಹಿರಿಯರಿರುತ್ತಾರೆ. ಮುಂಬಯಿ ಬಾಸ್ಕೆಟ್‌ಬಾಲಿನ ತವರು ಅದು. ಅವರ ಕಣ್ಣು ಚೆಂಡಿರುವವನ ಮೇಲೆ ಇರುವುದೇ ಇಲ್ಲ, ಉಳಿದ ನಾಲ್ವರ ಮೇಲೆ. ಬುಟ್ಟಿ ಕಡೆ ನುಗ್ಗುವವನಿಗೆ ಚೆಂಡು ಓಡುತ್ತಿರುವಾಗಲೇ ಎದೆ ಮಟ್ಟಕ್ಕೆ ಬಂತಾ, ಇಲ್ಲಾ ಅವನು ನಿಂತು ಹಿಂದೆ ತಿರುಗಿ ಮೊಣಕಾಲ ಹತ್ತಿರದಿಂದ ಎತ್ತಿಕೊಳ್ಳಬೇಕಾಯಿತಾ? ಆ ಅರ್ಧ ಸೆಕೆಂಡಿನಲ್ಲಿ ಎದುರಾಳಿ ಬಂದು ಅಡ್ಡ ನಿಂತಿರುತ್ತಾನೆ. ಶಾಟ್ ತಪ್ಪಿದರೆ ನಾವು ಬೈಯುವುದು ಶಾಟ್ ಹೊಡೆದವನಿಗೆ.

ಅಷ್ಟು ಸೂಕ್ಷ್ಮ ಹಿಡಿಯಲು ಕಣ್ಣು ಪಳಗಬೇಕು. ಸುಲಭದ್ದು ಸೆಕೆಂಡ್ ಎಣಿಸುವುದು. ನಿಯಮದ ಪ್ರಕಾರ ಚೆಂಡು 8 ಸೆಕೆಂಡಿನೊಳಗೆ ಅರ್ಧ ಅಂಕಣ ದಾಟಬೇಕು, 24ರೊಳಗೆ ಶಾಟ್ ಹೊಡೆಯಬೇಕು. ಶಾಲಾ ಟೂರ್ನಿಗಳಲ್ಲಿ ಎಷ್ಟೋ ಕಡೆ 24 ಸೆಕೆಂಡಿನ ಗಡಿಯಾರವೇ ಇರುವುದಿಲ್ಲ. ಫೋನಿನ ಸ್ಟಾಪ್‌ವಾಚ್ ಸಾಕು. ಚೆಂಡು ಕೈಗೆ ಬಂದಾಗ ಒತ್ತಿ, ನಡುಗೆರೆ ದಾಟಿದಾಗ ನಿಲ್ಲಿಸಿ. ಗಾರ್ಡ್ 4 ಸೆಕೆಂಡಿನಲ್ಲಿ ದಾಟಿದರೆ ತಂಡಕ್ಕೆ ಆಟ ಕಟ್ಟಲು 20 ಸೆಕೆಂಡ್ ಸಿಕ್ಕಿತು. ಏಳೂವರೆ ಸೆಕೆಂಡಿಗೆ ಒದ್ದಾಡಿಕೊಂಡು ದಾಟಿದರೆ, ಮುಂದಿನದೆಲ್ಲ ಗಡಿಬಿಡಿಯೇ. ಜೊತೆಗೆ ಶಾಟ್ ಹೊಡೆಯುವ ಮೊದಲೇ ಚೆಂಡು ಕಳೆದುಕೊಂಡಾಗಲೆಲ್ಲ ಒಂದು ಗೆರೆ ಹಾಕಿ. ಹೊಸ ಹುಡುಗಿ ಆಡುವಾಗ ಎಷ್ಟು ಗೆರೆ, ಅವಳು ಬೆಂಚಿನಲ್ಲಿ ಕೂತಾಗ ಎಷ್ಟು, ಬೇರೆ ಬೇರೆ ಬರೆಯಿರಿ. ಐದಾರು ಪಂದ್ಯ ಹೀಗೆ ಮಾಡಿ. ಅವಳು ಎಷ್ಟು ಪಾಯಿಂಟ್ ಹೊಡೆದಳು ಅನ್ನುವುದನ್ನು ಸದ್ಯಕ್ಕೆ ಮರೆತುಬಿಡಿ.

ನಾನೂ ಇದನ್ನೇ ಮಾಡುತ್ತಿದ್ದೇನೆ. ವಡಾಲಾದಲ್ಲಿ ಭಾನುವಾರ ಬೆಳಗ್ಗೆ ಆಡುವ ನಮ್ಮ ನಲವತ್ತು ದಾಟಿದವರ ತಂಡದಲ್ಲಿ ಪಾಯಿಂಟ್ ಗಾರ್ಡ್ ಆಗಿದ್ದ ಗೆಳೆಯ ಕೆಲಸ ಬದಲಾಗಿ ಪುಣೆಗೆ ಹೋದ. ಅವನ ಜಾಗಕ್ಕೆ ಬಂದವನು ಮಾತೇ ಆಡದ ಹುಡುಗ. ಮೊದಲ ವಾರ ನಾನು ಬೆಂಚಿನಲ್ಲಿ ಕೂತು ಹತ್ತು ಸಲ ಎಣಿಸಿದೆ, 4 ಸೆಕೆಂಡಿನೊಳಗೆ ದಾಟಿದ್ದು ಎರಡೇ ಸಲ. ಏಳನೇ ವಾರಕ್ಕೆ ಅದು ಹತ್ತಕ್ಕೆ ಏಳಾಯಿತು. ಈಗ ಕೈ ತೋರಿಸಿ ಕೂಗುತ್ತಾನೆ ಕೂಡ, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ.

ಗೆಲುವಾ? ಕಳೆದ ಭಾನುವಾರವೂ ಒಂದು ಪಾಯಿಂಟಿನಿಂದ ಸೋತೆವು. ಕೊನೆಯ ಪಾಸ್ ಸರಿಯಾಗಿ ಎದೆ ಮಟ್ಟಕ್ಕೇ ಬಂದಿತ್ತು. ಶಾಟ್ ತಪ್ಪಿಸಿದವನು ನಾನು.